ಗೋಡೆಯ ಮೇಲಿನ ಹಿಮಕರಡಿ

“ಗೋಡೆ ಮೇಲೆ ಎರಡೂ ಒಟ್ಟಿಗೇ ಇದ್ದಾವಲ್ಲ ಮಿಸ್, ನಂಗ್ಯಾಕೆ ಸೊನ್ನೆ?” ಎಂದು ಹುಡುಗಿ ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟಳು. ಹಿಮಪ್ರದೇಶದ ಆಹಾರ ಸರಪಳಿ ಕೇಳಿದ್ದಕ್ಕೆ, ಮೀನನ್ನು ಪೆಂಗ್ವಿನ್, ಪೆಂಗ್ವಿನನ್ನು ಹಿಮಕರಡಿ ತಿನ್ನುತ್ತದೆ ಎಂದು ಬರೆದಿದ್ದಳು.

ಭೂಗೋಳದ ಟೀಚರ್ ಪಕ್ಕದ ಗೋಡೆಯತ್ತ ತಿರುಗಲಿಲ್ಲ. ಕರಡಿ ಭೂಮಿಯ ಉತ್ತರ ತುದಿಯದು, ಪೆಂಗ್ವಿನ್ ದಕ್ಷಿಣದ್ದು. ಒಂದರ ಮುಖ ಇನ್ನೊಂದು ಕಂಡಿಲ್ಲ. ಆ ಗೋಡೆಯಲ್ಲಿ ಮಾತ್ರ ಎರಡೂ ಒಂದೇ ಮಂಜುಗಡ್ಡೆಯ ಮೇಲೆ ಬೀಗರ ಹಾಗೆ ಕೂತಿದ್ದವು. ಚಿತ್ರ ಬಿಡಿಸಿದವರು ಹೆಡ್‌ಮಾಸ್ಟರು. ಶಾಲೆಯಲ್ಲಿ ಆಕೆಗೆ ಅವರು ಸರ್, ಮನೆಯಲ್ಲಿ ಮಾವ. ಹನ್ನೊಂದು ವರ್ಷದಿಂದ ಆಕೆ ಆ ಚಿತ್ರಕ್ಕೆ ಬೆನ್ನು ಹಾಕಿ ನಿಂತೇ ಪಾಠ ಮಾಡುತ್ತಿದ್ದಳು.

“ಆ ಗೋಡೆ ಚಿತ್ರಾನೇ...” ಎಂದು ಆಕೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು ನಿಂತಿತು.

“ಏನಮ್ಮಾ, ನನ್ನ ಕರಡಿ ಏನಾದ್ರೂ ಕಚ್ತಾ?” ಹೆಡ್‌ಮಾಸ್ಟರು ನಗುತ್ತಾ ಹುಡುಗಿಯನ್ನು ಕೇಳಿದರು. ತರಗತಿ ಗೊಳ್ಳೆಂದಿತು. ಟೀಚರ್ ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳವನ್ನು ಸುಮ್ಮನೆ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಹುಡುಗಿ ಆ ಮುಚ್ಚಳವನ್ನೇ ನೋಡಿದಳು.

“ಏನಿಲ್ಲ ಸರ್, ನಾನೇ ತಪ್ಪು ಬರ್ದಿದ್ದೆ” ಎಂದಳು ಹುಡುಗಿ.

ಹೆಡ್‌ಮಾಸ್ಟರು ಖುಷಿಯಾಗಿ ಮುಂದಿನ ತರಗತಿಗೆ ನಡೆದರು. ‘ಇಲ್ಲ ಮಗಳೇ, ನೀನು ಕೇಳಿದ್ದು ಸರಿ’ ಎನ್ನಬೇಕೆಂದು ಟೀಚರ್ ತಲೆಯೆತ್ತಿದಳು. ಹುಡುಗಿ ಅಷ್ಟರಲ್ಲಿ ಬೆಂಚಿನ ಮೇಲೆ ಓರೆಯಾಗಿ, ಟೀಚರ್ ನಿಲ್ಲುವ ಹಾಗೆಯೇ, ಚಿತ್ರಕ್ಕೆ ಬೆನ್ನು ಹಾಕಿ ಕೂತಿದ್ದಳು.