ಅಪ್ಪನ ಕಿವಿಗೆ ಸಾಕ್ಷಿ

ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಇಂದಿಗೂ ಹೈದರಾಬಾದಿನ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಿಲಿಟರಿಯಲ್ಲಿ ತೋಪಿನ ಸದ್ದಿಗೆ ಕಿವಿ ಮಂದವಾಯಿತೆಂದು ಅಪ್ಪ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದ್ದ. ಪರೀಕ್ಷೆಗೆ ಅವನನ್ನು ಗೋಡೆಯತ್ತ ಮುಖ ಮಾಡಿಸಿ ಕೂರಿಸಿ, ಕಲಬುರಗಿ ಕಡೆಯ ಡಾಕ್ಟರು ಹಿಂದಿನಿಂದ ಹೆಸರು ಹಿಡಿದು ಕರೆದರು. ಅಪ್ಪ ತಿರುಗಲಿಲ್ಲ. ಜೊತೆಗೆ ಹೋಗಿದ್ದ ನನಗೆ ಗುಮಾನಿ ಬಂತು. ಮನೆಯಲ್ಲಿ ಅವ್ವ ಎದುರು ಕೂತು ಪಿಸುಗುಟ್ಟಿದರೂ ಉತ್ತರ ಕೊಡುವವನು ಇಲ್ಲೇಕೆ ನಾಟಕ ಮಾಡುತ್ತಾನೆ?

"ಮನ್ಯಾಗೂ ಹಿಂಗ ಏನವ್ವಾ?" ಡಾಕ್ಟರು ನನ್ನನ್ನು ಕೇಳಿದರು.

"ಇಲ್ಲರಿ. ಅವ್ವ ಸಣ್ಣಗ ಮಾತಾಡಿದ್ರೂ ಅಪ್ಪಗ ಕೇಳಸ್ತೈತ್ರಿ."

ಅವರು ಅದನ್ನೂ ಬರೆದುಕೊಂಡರು.

ಹೊರಗೆ ರಸ್ತೆ ದಾಟುವಾಗ ಬೆನ್ನಿಗೇ ಬಂದ ಆಟೋ ಹಾರ್ನ್ ಹೊಡೆದರೂ ಅಪ್ಪ ಸರಿಯಲಿಲ್ಲ. ನಾನೇ ಅಂಗಿ ಹಿಡಿದು ಎಳೆದೆ. ಅವನು ಬಗ್ಗಿ, ನನ್ನ ತುಟಿಗಳನ್ನೇ ನೋಡುತ್ತ ಕೇಳಿದ: "ಡಾಕ್ಟರು ಏನಂದ್ರವ್ವಾ?"

ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.