ಮೀನಿಗೊಂದು ಚಿಟಿಕೆ

ಸುಳ್ಳೆನಿಸಿದರೆ ಜಲನಗರದಲ್ಲಿ ಯಾರನ್ನಾದರೂ ಕೇಳಿ ನೋಡಿ: ಅಂಬಾದಾಸನ ಪಡಸಾಲೆಗೆ ಸಮುದ್ರ ಬಂದ ಎರಡೇ ತಿಂಗಳಿಗೆ ಅವನ ತಾಯಿ ತಾಯವ್ವ ಅಲ್ಲಿಂದ ಹೊರಬಿದ್ದಳು. ಬಹಳ ದೂರವೇನಲ್ಲ, ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ. ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಫಾಸ್ಫೇಟ್ ಏರಿತ್ತು. ಗಾಜಿಗೆ ಹಸಿರು ಪಾಚಿ ಹತ್ತಿತ್ತು, ಪುಣೆಯಿಂದ ತರಿಸಿದ ಹವಳ ಕಂದಾಗುತ್ತಿತ್ತು. ಮೀನಿಗೆ ತಿನಿಸು ಹೆಚ್ಚಾದರೆ ಹೀಗಾಗುತ್ತದೆಂದು ಅಂಗಡಿಯವನು ಹೇಳಿದ್ದೇ ತಡ, ಅಂಬಾದಾಸ ಕಳ್ಳರನ್ನು ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. “ಅವ್ವಾ, ನೀನ ಕದ್ದು ರೊಟ್ಟಿ ಮುರದ ಹಾಕಾಕತ್ತೀ. ನಾಳಿಂದ ಪಡಸಾಲ್ಯಾಗ ಕುಂದ್ರಬ್ಯಾಡ.”

ಮೇಲಿನ ಮನೆಯ ಸೊಹೇಲ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದಾಗ ಮುದುಕಿ ಗೇಟಿನಲ್ಲೇ ಇದ್ದಳು.

“ಬಿಸಲಾಗ ಯಾಕ ಕುಂತೀ ಬೇ ಯವ್ವಾ?”

“ನನ್ನ ನೆಳ್ಳ ಬಿದ್ರ ಅವನ ಹವಳ ಸಾಯತೈತಂತ ತಮ್ಮಾ. ದೇವರಾಣಿ, ಒಂದು ಅಗಳ ಹಾಕಿಲ್ಲ.”

ಸೊಹೇಲನ ಗಂಟಲಲ್ಲಿ ಊರೇ ಬಾಡಿಗೆಗಿತ್ತು. ಪ್ರಿನ್ಸಿಪಾಲರು, “ತಿಕೋಟಾ, ಬಬಲೇಶ್ವರ” ಎಂದು ಕೂಗುವ ಕಂಡಕ್ಟರು, ಯಾರು ಬೇಕೋ ಅವರು. ಅಂಬಾದಾಸ ಸದಾ ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದುದರಿಂದ ಪುಣೆಯ ಅಂಗಡಿಯವನ ದನಿಯೂ ಅವನಿಗೆ ಬಾಯಿಪಾಠ. ಅಕ್ಕ ಜೀನತಳ ಫೋನ್ ಇಸಿದುಕೊಂಡು ಅಂಬಾದಾಸನಿಗೆ ಹಚ್ಚಿ, ಅಂಗಡಿಯವನ ಹಾಗೆಯೇ ಎರಡು ಸಲ ಕೆಮ್ಮಿದ.

“ಸಾಹೇಬ, ಚೋರ ಮನಿಯೊಳಗ ಅದಾನ. ಎಲ್ಲಾರ ಬೆರಳೂ ಬ್ಯಾರೆ ಬ್ಯಾರೆ ಫಿಲ್ಟರ್ ನೀರಿನ್ಯಾಗ ಅದ್ದಸ್ರಿ. ಆ ನೀರಿಗೆ ಫಾಸ್ಫೇಟ್ ಟೆಸ್ಟಿನ ಹನಿ ಹಾಕ್ರಿ. ತಿನಿಸು ಮುಟ್ಟಿದ ಬೆರಳಿನ ನೀರು ನೀಲಿ ಆಗತೈತಿ. ಯಾರದು ನೀಲಿ, ತೋಚ್ ಚೋರ, ಅವನ ಕಳ್ಳ!”

ಐದು ನಿಮಿಷ ಬಿಟ್ಟು ಸೊಹೇಲ ಕೆಳಗಿಳಿದರೆ ಬಟ್ಟಲುಗಳು ಆಗಲೇ ಸಾಲಾಗಿದ್ದವು. “ಬಾ ಬಾ, ಸಾಕ್ಷಿಗೆ ಚೊಲೊ ಬಂದಿ!” ಎನ್ನುತ್ತಲೇ ಅಂಬಾದಾಸ ಮೀನಿನ ತಿನಿಸಿನ ಡಬ್ಬಿ ತೆರೆದು ತೊಟ್ಟಿಗೆ ಒಂದು ಚಿಟಿಕೆ ಉದುರಿಸಿದ. ಮೀನುಗಳು ಮೇಲೆದ್ದು ಕುಣಿದವು. “ನೋಡ್ಲೇ, ನಿನಗ ನಮಸ್ಕಾರ ಮಾಡಾಕತ್ತಾವ.”

ಮೊದಲು ತಾಯವ್ವನನ್ನು ಒಳಗೆ ಕರೆದ. ಅವಳ ಬೆರಳದ್ದಿದ ನೀರನ್ನು ಗಾಜಿನ ನಳಿಕೆಗೆ ಹಾಕಿ, ಟೆಸ್ಟಿನ ಹನಿ ಬಿಟ್ಟು ಬೆಳಕಿಗೆ ಹಿಡಿದ, ಅಲುಗಾಡಿಸಿದ, ಸಾಲದೆಂಬಂತೆ ಇನ್ನೆರಡು ಹನಿ ಹಾಕಿದ. ನೀರು ನೀರಾಗಿಯೇ ಉಳಿಯಿತು. ಸೊಹೇಲನದೂ ಅಷ್ಟೇ.

“ಈಗ ನಿಂದು,” ಎಂದಳು ತಾಯವ್ವ.

“ನಂದ್ಯಾಕ ಬೇ? ನಾ ದಿನಕ್ಕ ಒಂದ ಸಲ, ಅಳತಿ ಚಮಚದಾಗ ಹಾಕಾಂವ.”

“ಎಲ್ಲಾರದೂ ಅಂದ್ರ ಎಲ್ಲಾರದೂ.”

ಅಂಬಾದಾಸನ ನಳಿಕೆ ಧೋತರಕ್ಕೆ ನೀಲಿ ಕಲಸಿದ ಬಕೆಟ್ಟಿನಂತಾಯಿತು.

“ಅದು... ಊಟ ಅಲ್ಲಲೇ ಅದು,” ಅವನು ತಡವರಿಸಿದ. “ಮನಿಗೆ ಬಂದವರಿಗೆ ತೋರ್ಸಾಕ ಒಂದೊಂದು ಚಿಟಿಕಿ. ಬಂದವರಿಗೆ ನಾವು ಚಾ ಕೊಡೂದಿಲ್ಲೇನು? ಚಾಕ್ಕ ಊಟ ಅಂತಾರೇನು?”

“ದಿನಾ ಎಷ್ಟು ಮಂದಿ ಬರತಾರ?” ಸೊಹೇಲ ಕೇಳಿದ.

ಉತ್ತರ ಬಂದದ್ದು ತಾಯವ್ವನಿಂದ. “ಗೇಟಿನಾಗ ಕುಂತು ನಾನ ಎಣಿಸೇನಿ. ನಿನ್ನೆ ಹದಿನೇಳು.”

ಸೊಹೇಲ ಎರಡು ಸಲ ಕೆಮ್ಮಿದ. “ಸಾಹೇಬ, ಚೋರ ಸಿಕ್ಕ!”

ಅಂಬಾದಾಸನ ಬಾಯಿ ಎರಡು ಸಲ ತೆರೆದು ಮುಚ್ಚಿತು, ತೊಟ್ಟಿಯೊಳಗಿನವರ ಹಾಗೆಯೇ. ಮರುಕ್ಷಣ ನಗು ಸ್ಫೋಟಿಸಿತು. “ಯಪ್ಪಾ! ಎಂಥಾ ಆಟ ಹೂಡಿದಿ ಲೇ!” ತೊಡೆ ತಟ್ಟಿಕೊಂಡ, ಸೊಹೇಲನ ಬೆನ್ನಿಗೆ ಗುದ್ದಿದ, ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಬಿದ್ದ. ಸೊಹೇಲನೂ ಜೊತೆಗೆ ನಕ್ಕ.

ತಾಯವ್ವ ಡಬ್ಬಿಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಕ್ಕದ್ದು ಮುಗದಿದ್ರ ನನ್ನ ಕುರ್ಚಿ ಒಳಗ ತಂದು ಹಾಕು.”

ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬರುವಾಗಲೂ ಅಂಬಾದಾಸ, ತಪ್ಪಾಯಿತೆಂಬ ಒಂದು ಮಾತಿಲ್ಲದೆ, ಓಣಿಗೆಲ್ಲ ಕೇಳುವಂತೆ ನಗುತ್ತಲೇ ಇದ್ದ. ಅಷ್ಟರಲ್ಲಿ ಸೊಹೇಲನ ನಗು ನಿಂತಿತ್ತು. ಅವ್ವನದು ಶುರುವೇ ಆಗಿರಲಿಲ್ಲ.