ಮೂವರು ಗಂಡಂದಿರ ಪರೀಕ್ಷೆ

ನನ್ನ ಪ್ರಾಸ್ಟೇಟ್ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಎಂದು ತೋಚದೆ ಮೂರು ವಾರ ನಿದ್ದೆಗೆಟ್ಟಿದ್ದೆ. ಗದಗಿನ ಆಸ್ಪತ್ರೆಯಲ್ಲಿ ಅದಕ್ಕೆಂದೇ ಬುಧವಾರ ರೋಗಿಯ ಮುಂದಿನ ರೂಪಗಳನ್ನೇ ಕರೆಸಿ ತೋರಿಸುತ್ತಾರೆ. ಹೋದರೆ, ಐದು ವರ್ಷ ಮುಂದಿನ ನಾನು ಮೂರು ಮಂದಿಯಾಗಿ ಬೆಂಚಿನ ಮೇಲೆ ಕೂತಿದ್ದೆ: ಆಪರೇಷನ್ ಮಾಡಿಸಿಕೊಂಡವನು, ರೇಡಿಯೇಷನ್ ತೆಗೆದುಕೊಂಡವನು, ಬರೀ ತಪಾಸಣೆ ಮಾಡಿಸುತ್ತಾ ಕಾದವನು.

"ಮೂರೂ ಮಂದಿ ಜೀವಂತ ಬಂದಾರ. ಒಬ್ಬರನ್ನ ಆರಿಸ್ಕೊಳ್ರಿ," ಅಂದರು ಡಾಕ್ಟರು.

ನಾನು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಹೆಂಡತಿ ಕಾಶವ್ವ ಕುರ್ಚಿ ಎಳೆದುಕೊಂಡಳು.

"ಕನ್ಯಾ ನೋಡಾಕ ಬಂದಾಗ ಇವರ ಮಂದಿ ನನ್ನ ನಡಸಿದ್ರು, ಹಾಡ್ಸಿದ್ರು. ಈಗ ನನ್ನ ಪಾಳಿ. ಏಳ್ರಿ, ನಡೀರಿ!"

ಮೂವರೂ ನಡೆದು ತೋರಿಸಿದರು.

"ಈಗ ಹಾಡ್ರಿ."

ತಪಾಸಣೆಯವನು ಚೆನ್ನಾಗಿಯೇ ಹಾಡಿದ. ಆದರೆ ಸಾಲಿಗೊಮ್ಮೆ ಡಾಕ್ಟರ ಕಡೆ ತಿರುಗಿ, "ನನ್ನ ರಿಪೋರ್ಟ್ ಬಂತೇನ್ರಿ?" ಅಂದ. ರೇಡಿಯೇಷನ್ನಿನವನು ಹಾಡುವ ಮೊದಲೇ, "ಹೊಟ್ಟಿ ಸೂಕ್ಷ್ಮ ಆಗೇತಿ, ಖಾರ ಬಿಟ್ಟೀನಿ," ಅಂದುಬಿಟ್ಟ.

"ಖಾರ ಬಿಟ್ಟವರ ಕೂಡ ಹ್ಯಾಂಗ ಬಾಳೇ ಮಾಡ್ಲಿ?" ಅಂದಳು ಕಾಶವ್ವ.

ಆಪರೇಷನ್ನಿನವನು ಹಾಡಿನ ನಡುವೆ, "ತಡೀರಿ, ಉಚ್ಚಿ ಸೋರತೈತಿ," ಎಂದು ಪಾಯಿಖಾನೆಗೆ ಓಡಿದ. ವಾಪಸು ಬಂದು, ಬಿಟ್ಟ ಸಾಲಿನಿಂದಲೇ ಗಟ್ಟಿಯಾಗಿ ಹಾಡಿದ. ಕಾಶವ್ವ ಸೆರಗು ಬಾಯಿಗಿಟ್ಟು ಕಣ್ಣೀರು ಬರುವಷ್ಟು ನಕ್ಕಳು.

"ಇವರ ಇರ್ಲಿ, ಡಾಕ್ಟ್ರ."

ಉಳಿದಿಬ್ಬರು ಅವನ ಕೈ ಕುಲುಕಿದರು. ನನಗೆ ಮಾತ್ರ ಹೊಟ್ಟೆಕಿಚ್ಚು. ಮೂವತ್ತು ವರ್ಷದಲ್ಲಿ ನನ್ನನ್ನು ನೋಡಿ ಅವಳು ಹಾಗೆ ನಕ್ಕಿರಲೇ ಇಲ್ಲ. ಆದಷ್ಟು ಬೇಗ ಅವನಾಗಿಬಿಡಬೇಕೆಂದು ಡಾಕ್ಟರ ಪೆನ್ನು ಕಸಿದುಕೊಂಡು ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.